ಸ್ಪರ್ಧೆ ಮತ್ತು ವೈರ

ಕ್ರೋಧವೆಂಬ ಕಷಾಯದ ತೀವ್ರತೆಯನ್ನು ವಿವರಿಸುವಾಗ ಆಚಾರ್ಯ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ನಾಲ್ಕು ಗೆರೆಗಳ ಉಪಮೆಯನ್ನು ತಂದಿದ್ದಾರೆ. ಕಲ್ಲಿನಲ್ಲಿ ಕೊರೆದ ಗೆರೆ, ನೆಲ ಬಿರಿದ ಗೆರೆ, ಧೂಳಿನಲ್ಲಿ ಎಳೆದ ಗೆರೆ, ನೀರಿನ ಮೇಲಿನ ಗೆರೆ. ಕಷಾಯದ ವಾಸನೆ ಉಳಿಯುವ ಕಾಲವನ್ನೂ ಅದೇ ಗ್ರಂಥ ಹೇಳುತ್ತದೆ. ಸಂಜ್ವಲನಕ್ಕೆ ಅಂತರ್ಮುಹೂರ್ತ, ಪ್ರತ್ಯಾಖ್ಯಾನಾವರಣಕ್ಕೆ ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣಕ್ಕೆ ಆರು ತಿಂಗಳು. ಅನಂತಾನುಬಂಧಿಯಾದರೋ ಭವಭವಾಂತರಗಳಿಗೂ ಬೆನ್ನು ಹತ್ತುತ್ತದೆ. ಸ್ವಾಧ್ಯಾಯದಲ್ಲಿ ಈ ಭಾಗವನ್ನು ಓದುವ ಶ್ರಾವಕರು ಸಾಮಾನ್ಯವಾಗಿ ಇದನ್ನು ಒಬ್ಬ ವ್ಯಕ್ತಿಯ ಮನಸ್ಸಿಗೆ ಅನ್ವಯಿಸಿಕೊಳ್ಳುತ್ತಾರೆ. ಒಂದು ಊರಿಗೆ, ಒಂದು ಜನಸಮೂಹಕ್ಕೆ ಅನ್ವಯಿಸಿ ನೋಡುವುದು ಕಡಿಮೆ. ಸಮೂಹದ ಕೋಪ ಯಾವ ಗೆರೆಯಂಥದು? ಅದು ಹೇಗೆ ಆಳವಾಗುತ್ತದೆ, ಹೇಗೆ ಅಳಿಯುತ್ತದೆ? ಇದನ್ನು ತಿಳಿಯಲು ನೆರವಾಗುವ ಒಂದು ದೀರ್ಘ ಇತಿಹಾಸ ಶಾಸ್ತ್ರಗ್ರಂಥಗಳಿಂದ ಬಹುದೂರದಲ್ಲಿದೆ. ಅದು ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಎರಡು ಫುಟ್‌ಬಾಲ್ ತಂಡಗಳಾದ ಎವರ್ಟನ್ ಮತ್ತು ಲಿವರ್‌ಪೂಲ್‌ಗಳ ಮುಖಾಮುಖಿಯ ಇತಿಹಾಸ.

ಈ ಎರಡೂ ತಂಡಗಳ ಮೂಲ ಒಂದೇ, ಮತ್ತು ಆ ಮೂಲವೊಂದು ದೇವಮಂದಿರ. ಸೇಂಟ್ ಡೊಮಿಂಗೊ ಎಂಬ ಮೆಥಡಿಸ್ಟ್ ಪ್ರಾರ್ಥನಾಮಂದಿರದ ತರುಣರು ಬೇಸಿಗೆಯಲ್ಲಿ ಕ್ರಿಕೆಟ್ ಆಡುತ್ತಿದ್ದರು. ಚಳಿಗಾಲದಲ್ಲಿಯೂ ಅವರಿಗೊಂದು ವ್ಯಾಯಾಮವಿರಲೆಂದು 1878ರಲ್ಲಿ ಫುಟ್‌ಬಾಲ್ ತಂಡ ಹುಟ್ಟಿತು. ಮರುವರ್ಷ ಅದಕ್ಕೆ ಎವರ್ಟನ್ ಎಂಬ ಬಡಾವಣೆಯ ಹೆಸರು ಬಂದಿತು. 1884ರಿಂದ ತಂಡವು ಆನ್‌ಫೀಲ್ಡ್ ಎಂಬ ಮೈದಾನದಲ್ಲಿ ಆಡತೊಡಗಿತು. ಅಲ್ಲಿಯೇ ಆಡಿ 1891ರಲ್ಲಿ ಇಂಗ್ಲೆಂಡಿನ ಲೀಗ್ ಪ್ರಶಸ್ತಿಯನ್ನೂ ಗೆದ್ದಿತು. ಈಗ ಆನ್‌ಫೀಲ್ಡ್ ಎಂದರೆ ಲಿವರ್‌ಪೂಲ್ ತಂಡದ ಮನೆ ಎಂದೇ ಲೋಕ ತಿಳಿದಿದೆ. ಆ ಮನೆಯಲ್ಲಿ ಮೊದಲು ಒಲೆ ಹಚ್ಚಿದವರು ಎದುರಾಳಿಗಳು.

ಮೈದಾನದ ವ್ಯವಹಾರವೆಲ್ಲ ಜಾನ್ ಹೌಲ್ಡಿಂಗ್ ಎಂಬವರ ಕೈಯಲ್ಲಿತ್ತು. ಅವರು ಬಿಯರ್ ತಯಾರಿಕೆಯ ಉದ್ಯಮಿ, ನಗರ ರಾಜಕಾರಣದಲ್ಲಿ ಪ್ರಭಾವಿ, ತಂಡದ ಅಧ್ಯಕ್ಷರೂ ಹೌದು. ತಂಡ ಏಳಿಗೆ ಹೊಂದಿದಂತೆ 100 ಪೌಂಡ್ ಇದ್ದ ವಾರ್ಷಿಕ ಬಾಡಿಗೆ 250 ಪೌಂಡಿಗೆ ಏರಿತು. ಮೈದಾನದಲ್ಲಿ ತಮ್ಮ ಪಾನೀಯವೇ ಮಾರಾಟವಾಗಬೇಕೆಂಬ ಅಪೇಕ್ಷೆಯೂ ಅವರಿಗಿತ್ತು. ಪ್ರಾರ್ಥನಾಮಂದಿರದ ಹಿನ್ನೆಲೆಯಿಂದ ಬಂದ ಸದಸ್ಯರಲ್ಲಿ ಮದ್ಯಪಾನ ವಿರೋಧಿಗಳಿದ್ದರು. ಅವರ ಪಕ್ಷದ ಮುಂದಾಳು ಜಾರ್ಜ್ ಮಾಹನ್, ಸೇಂಟ್ ಡೊಮಿಂಗೊ ಮಂದಿರದಲ್ಲಿ ಆರ್ಗನ್ ನುಡಿಸುತ್ತಿದ್ದವರು. ನೆಲ, ಬಾಡಿಗೆ, ಅಧಿಕಾರ ಈ ಮೂರೂ ಸೇರಿದ ಜಗಳ ಹೇಗೆ ನಡೆಯುತ್ತದೆಂಬುದನ್ನು ಧಾರ್ಮಿಕ ಸಂಸ್ಥೆಗಳ ಆಡಳಿತ ಮಂಡಳಿಯಲ್ಲಿ ಕುಳಿತವರಿಗೆ ವಿವರಿಸಬೇಕಾಗಿಲ್ಲ. 1892ರಲ್ಲಿ ಬಹುಪಾಲು ಸದಸ್ಯರು ಹೌಲ್ಡಿಂಗರನ್ನು ಬಿಟ್ಟು ಹೊರಟರು. ಸ್ಟ್ಯಾನ್ಲಿ ಪಾರ್ಕ್ ಎಂಬ ಸಾರ್ವಜನಿಕ ಉದ್ಯಾನದ ಆಚೆ ಬದಿಯಲ್ಲಿ ಗುಡಿಸನ್ ಪಾರ್ಕ್ ಎಂಬ ಹೊಸ ಮೈದಾನವನ್ನು ಕಟ್ಟಿಕೊಂಡರು. ಹೌಲ್ಡಿಂಗರ ಬಳಿ ಮೈದಾನ ಉಳಿಯಿತು, ಆಡುವವರಿರಲಿಲ್ಲ. ಎವರ್ಟನ್ ಎಂಬ ಹೆಸರನ್ನಾದರೂ ಉಳಿಸಿಕೊಳ್ಳಲು ಅವರು ಯತ್ನಿಸಿದರು. ಫುಟ್‌ಬಾಲ್ ಸಂಸ್ಥೆ ಅದಕ್ಕೆ ಒಪ್ಪಲಿಲ್ಲ. ಬರಿದಾದ ಮೈದಾನಕ್ಕಾಗಿ ಲಿವರ್‌ಪೂಲ್ ಎಂಬ ಹೊಸ ತಂಡವನ್ನು ಕಟ್ಟಿದರು.

ಇಲ್ಲಿಂದ ಮುಂದೆ ಎರಡು ಮನೆಗಳ ನಡುವೆ ಒಂದು ಮೈಲಿಯ ಅಂತರವೂ ಉಳಿಯಲಿಲ್ಲ. ಒಂದು ಉದ್ಯಾನ ಮಾತ್ರ. 1893ರ ಏಪ್ರಿಲ್‌ನಲ್ಲಿ ಸ್ಥಳೀಯ ಕಪ್ಪಿನ ಅಂತಿಮ ಪಂದ್ಯದಲ್ಲಿ ಎರಡೂ ತಂಡಗಳು ಮೊದಲ ಬಾರಿಗೆ ಎದುರಾದವು. ಹೊಸ ತಂಡ ಒಂದು ಗೋಲಿನಿಂದ ಗೆದ್ದಿತು. 1894ರ ಅಕ್ಟೋಬರ್ 13ರಂದು ಗುಡಿಸನ್ ಪಾರ್ಕಿನಲ್ಲಿ ಮೊದಲ ಲೀಗ್ ಪಂದ್ಯ ನಡೆದಾಗ 44,000 ಜನ ನೆರೆದಿದ್ದರು. ಎವರ್ಟನ್ ಮೂರು ಗೋಲುಗಳಿಂದ ಗೆದ್ದಿತು. ಅಂದಿನಿಂದ ಎರಡೂ ತಂಡಗಳು ಒಂದೇ ಶ್ರೇಣಿಯಲ್ಲಿದ್ದ ವರ್ಷಗಳಲ್ಲೆಲ್ಲ ಲೀಗಿನಲ್ಲಿ ಎರಡೆರಡು ಬಾರಿ ಎದುರಾಗುತ್ತ ಬಂದಿವೆ, ಒಮ್ಮೆ ಈ ಅಂಗಳದಲ್ಲಿ, ಒಮ್ಮೆ ಆ ಅಂಗಳದಲ್ಲಿ. ಆರು ತಿಂಗಳ ವಾಸನಾಕಾಲದ ಕೋಪಕ್ಕೆ ಇದಕ್ಕಿಂತ ಅನುಕೂಲವಾದ ಪಂಚಾಂಗ ಇರಲಾರದು. ಒಂದು ಸೋಲಿನ ಬೇಗುದಿ ಆರುವ ಹೊತ್ತಿಗೆ ಮುಂದಿನ ಪಂದ್ಯ ಬಂದು ನಿಲ್ಲುತ್ತದೆ.

ಒಂದು ತಂಡ ಕ್ಯಾಥೊಲಿಕರದು, ಇನ್ನೊಂದು ಪ್ರಾಟೆಸ್ಟೆಂಟರದು ಎಂಬ ಮಾತು ಬಹುಕಾಲ ಚಲಾವಣೆಯಲ್ಲಿತ್ತು. ಎರಡೂ ಒಂದೇ ಮೆಥಡಿಸ್ಟ್ ಮಂದಿರದ ಸಂತಾನವಾದುದರಿಂದ ಅದರಲ್ಲಿ ಹುರುಳು ಕಡಿಮೆ. ಗ್ಲಾಸ್ಗೋ ನಗರದಲ್ಲಿ ಎರಡು ತಂಡಗಳ ನಡುವೆ ಮತದ ಗೋಡೆ ನಿಂತಂತೆ ಇಲ್ಲಿ ನಿಲ್ಲಲಿಲ್ಲ. ಒಂದೇ ಮನೆಯಲ್ಲಿ ತಂದೆ ನೀಲಿ, ಮಗ ಕೆಂಪು. ಅಣ್ಣ ಕೆಂಪು, ತಂಗಿ ನೀಲಿ. ನೀಲಿ ಎವರ್ಟನ್ನಿನ ಬಣ್ಣ, ಕೆಂಪು ಲಿವರ್‌ಪೂಲಿನದು. ಊಟದ ಮೇಜಿಗೆ ಬೆನ್ನು ಹಾಕಿ ಎಷ್ಟು ದಿನ ಕುಳಿತಿರಲು ಸಾಧ್ಯ? ಬಿಲ್ ಷ್ಯಾಂಕ್ಲಿಯವರ ವೃತ್ತಾಂತ ಇಲ್ಲಿ ನೆನೆಯತಕ್ಕದ್ದು. ಲಿವರ್‌ಪೂಲ್ ತಂಡವನ್ನು ಕೆಳಶ್ರೇಣಿಯಿಂದ ಮೇಲೆತ್ತಿ ಕಟ್ಟಿದ ಆ ವ್ಯವಸ್ಥಾಪಕರು 1974ರಲ್ಲಿ ನಿವೃತ್ತರಾದರು. ಆ ಬಳಿಕ ತಮ್ಮ ತಂಡದ ಅಭ್ಯಾಸದ ಅಂಗಳಕ್ಕೆ ಹೋಗುವುದು ಅವರಿಗೆ ಮುಜುಗರವಾಯಿತು. ತಮ್ಮ ಮನೆಯ ಸಮೀಪದಲ್ಲಿದ್ದ ಎವರ್ಟನ್ನಿನ ಅಭ್ಯಾಸದ ಅಂಗಳಕ್ಕೆ ಹೋಗತೊಡಗಿದರು. ಜೀವಮಾನವೆಲ್ಲ ಯಾರನ್ನು ಅಣಕಿಸಿದ್ದರೋ ಅವರೇ ತಮ್ಮನ್ನು ಹೆಚ್ಚು ಆದರದಿಂದ ಬರಮಾಡಿಕೊಂಡರೆಂದು ಅವರು ಹೇಳಿಕೊಂಡರು.

1967ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಎಫ್.ಎ. ಕಪ್ಪಿನ ಪಂದ್ಯ ಗುಡಿಸನ್ ಪಾರ್ಕಿನಲ್ಲಿ ನಡೆದಾಗ 64,851 ಜನ ಅಲ್ಲಿ ಕಣ್ಣಾರೆ ನೋಡಿದರು. ಇನ್ನೂ 40,149 ಜನ ಆನ್‌ಫೀಲ್ಡಿನಲ್ಲಿ ಕುಳಿತು ಭಾರಿ ಪರದೆಗಳ ಮೇಲೆ ಅದೇ ಪಂದ್ಯವನ್ನು ನೋಡಿದರು. 1984ರಲ್ಲಿ ಎರಡೂ ತಂಡಗಳು ಮೊದಲ ಬಾರಿಗೆ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದ ಅಂತಿಮ ಪಂದ್ಯವೊಂದಕ್ಕೆ ಬಂದಾಗ ಕೆಂಪು ನೀಲಿ ಅಭಿಮಾನಿಗಳು ಬೆರೆತು ಕುಳಿತು, ತಂಡದ ಹೆಸರಿಗೆ ಬದಲು ತಮ್ಮ ಸೀಮೆಯ ಹೆಸರಾದ ಮರ್ಸಿಸೈಡ್ ಎಂಬುದನ್ನು ಕೂಗಿದರು.

ಇಲ್ಲಿಯವರೆಗಿನದು ಸುಲಭದ ಸೌಹಾರ್ದ. ಕಳೆದುಕೊಳ್ಳುವುದು ಹೆಚ್ಚೇನೂ ಇಲ್ಲದಾಗ ಸ್ನೇಹ ಕಷ್ಟವಲ್ಲ.

1985ರಲ್ಲಿ ಎವರ್ಟನ್ ತನ್ನ ಶ್ರೇಷ್ಠ ಋತುವನ್ನು ಕಂಡಿತು. ಇಂಗ್ಲೆಂಡಿನ ಲೀಗ್ ಗೆದ್ದಿತು. ಮೇ 15ರಂದು ರಾಟರ್‌ಡ್ಯಾಮಿನಲ್ಲಿ ಯುರೋಪಿನ ಕಪ್ ವಿಜೇತರ ಪ್ರಶಸ್ತಿಯನ್ನೂ ಪಡೆಯಿತು. ಮರುವರ್ಷ ಯುರೋಪಿನ ಅತ್ಯುನ್ನತ ಸ್ಪರ್ಧೆಯಲ್ಲಿ ಆಡುವ ಹಕ್ಕು ಅದಕ್ಕೆ ಪ್ರಾಪ್ತವಾಗಿತ್ತು. ಎರಡು ವಾರ ಕಳೆದು, ಮೇ 29ರಂದು, ಬ್ರಸೆಲ್ಸಿನ ಹೇಸೆಲ್ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಮತ್ತು ಇಟಲಿಯ ಯುವೆಂಟಸ್ ತಂಡಗಳ ಪಂದ್ಯಕ್ಕೆ ಮುನ್ನ ಲಿವರ್‌ಪೂಲಿನ ಅಭಿಮಾನಿಗಳ ಗುಂಪು ಎದುರಾಳಿಗಳ ಕಡೆಗೆ ನುಗ್ಗಿತು. ಜನ ಹಿಮ್ಮೆಟ್ಟಿ ಒತ್ತರಿಸಿದಾಗ ಗೋಡೆ ಕುಸಿಯಿತು. 39 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಇಟಲಿಯವರು. ಇಂಗ್ಲೆಂಡಿನ ಎಲ್ಲ ತಂಡಗಳಿಗೂ ಯುರೋಪಿನ ಸ್ಪರ್ಧೆಗಳ ಬಾಗಿಲು ಮುಚ್ಚಲಾಯಿತು. ಆ ನಿಷೇಧ ಐದು ವರ್ಷ ನಡೆಯಿತು. ಲಿವರ್‌ಪೂಲಿಗೆ ಮತ್ತೊಂದು ವರ್ಷ ಹೆಚ್ಚು. 1987ರಲ್ಲಿ ಎವರ್ಟನ್ ಮತ್ತೊಮ್ಮೆ ಲೀಗ್ ಗೆದ್ದರೂ ಹೊರಗೇ ಉಳಿಯಿತು.

ಜೀವನು ತಾನು ಮಾಡಿದ ಕರ್ಮದ ಫಲವನ್ನೇ ಉಣ್ಣುತ್ತಾನೆ, ಪರರ ಕರ್ಮದ್ದನ್ನಲ್ಲ ಎಂಬುದು ಜಿನಾಗಮದ ನಿಶ್ಚಯ. ಕೃತ, ಕಾರಿತ, ಅನುಮೋದನ ಎಂಬ ಮೂರು ದ್ವಾರಗಳಲ್ಲಿ ಯಾವುದಾದರೊಂದರಿಂದ ಪಾಪ ಒಳಬರಬೇಕು. ಹೇಸೆಲ್‌ನ ಕೃತ್ಯವನ್ನು ಎವರ್ಟನ್ನಿನವರು ಮಾಡಲಿಲ್ಲ, ಮಾಡಿಸಲಿಲ್ಲ, ಮೆಚ್ಚಲೂ ಇಲ್ಲ. ಲೌಕಿಕ ದಂಡನೀತಿ ಇಷ್ಟು ಸೂಕ್ಷ್ಮವಾಗಿ ತೂಗುವುದಿಲ್ಲ. ಗುಂಪನ್ನು ಹಿಡಿದು ಶಿಕ್ಷಿಸುತ್ತದೆ. ಮೃತರಾದ 39 ಮಂದಿಯ ಮುಂದೆ ಒಂದು ತಂಡ ಕಳೆದುಕೊಂಡ ಅವಕಾಶ ಯಾವ ಲೆಕ್ಕದ್ದೂ ಅಲ್ಲ ಎನ್ನುವುದು ನಿಜ. ಆದರೆ ನೆರೆಮನೆಯವನ ತಪ್ಪಿಗೆ ತನ್ನ ಬೆಳೆ ಸುಟ್ಟುಹೋಯಿತೆಂಬ ನೋವು ಲೆಕ್ಕ ನೋಡಿ ಬರುವುದಿಲ್ಲ. ಸೌಹಾರ್ದದ ಅಡಿಪಾಯದಲ್ಲಿ ಮೊದಲ ಬಿರುಕು ಬಿಟ್ಟಿದ್ದು ಆಗ. 1986ರಲ್ಲಿ ಲೀಗಿನಲ್ಲಿ ಲಿವರ್‌ಪೂಲ್ ಮೊದಲು, ಎವರ್ಟನ್ ಎರಡನೆಯದು, ಎಫ್.ಎ. ಕಪ್ಪಿನ ಅಂತಿಮ ಪಂದ್ಯದಲ್ಲಿಯೂ ಲಿವರ್‌ಪೂಲ್ ಮೂರಕ್ಕೆ ಒಂದರಂತೆ ಗೆದ್ದಿತು. ಗಾಯದ ಮೇಲೆ ಉಪ್ಪು ಬಿದ್ದಿತು.

ಹೀಗೆ ನಾಲ್ಕು ವರ್ಷ ಕಳೆಯಿತು. 1989ರ ಏಪ್ರಿಲ್ 15ರಂದು ಅದೇ ಕಪ್ಪಿನ ಎರಡು ಉಪಾಂತ್ಯ ಪಂದ್ಯಗಳು ಏಕಕಾಲದಲ್ಲಿ ನಿಗದಿಯಾಗಿದ್ದವು. ಬರ್ಮಿಂಗ್‌ಹ್ಯಾಮಿನಲ್ಲಿ ಎವರ್ಟನ್ ಗೆದ್ದಿತು. ಷೆಫೀಲ್ಡಿನ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ಲಿವರ್‌ಪೂಲಿನ ಪಂದ್ಯ ಆರು ನಿಮಿಷಗಳಲ್ಲಿ ನಿಂತುಹೋಯಿತು. ಕಂಬಿಬೇಲಿಗಳ ನಡುವಿನ ಇಕ್ಕಟ್ಟಿನಲ್ಲಿ ಜನ ಉಸಿರುಗಟ್ಟಿ ಕುಸಿದರು. ಆ ದುರಂತದಿಂದ ಸತ್ತವರು 97 ಮಂದಿ. ಕೊನೆಯವರು 2021ರಲ್ಲಿ, ಅಂದಿನ ಗಾಯಗಳ ಪರಿಣಾಮವಾಗಿಯೇ ತೀರಿಕೊಂಡರು. ಬರ್ಮಿಂಗ್‌ಹ್ಯಾಮಿನಿಂದ ಗೆದ್ದು ಹಿಂದಿರುಗುತ್ತಿದ್ದ ನೀಲಿಯವರಲ್ಲಿ ಅನೇಕರ ಅಣ್ಣತಮ್ಮಂದಿರು, ಮಕ್ಕಳು, ಸ್ನೇಹಿತರು ಷೆಫೀಲ್ಡಿಗೆ ಹೋಗಿದ್ದರು.

ಒಂದು ವಾರದ ಬಳಿಕ, ಏಪ್ರಿಲ್ 22ರಂದು, ಗುಡಿಸನ್ ಪಾರ್ಕಿನಿಂದ ಆನ್‌ಫೀಲ್ಡಿನವರೆಗೆ, ಸ್ಟ್ಯಾನ್ಲಿ ಪಾರ್ಕನ್ನು ದಾಟಿ, ಕುತ್ತಿಗೆಗೆ ಸುತ್ತುವ ಮಫ್ಲರುಗಳನ್ನು ಒಂದಕ್ಕೊಂದು ಗಂಟು ಹಾಕಿ ಸಾಲಾಗಿ ಕಟ್ಟಿದರು. ನೀಲಿಗೆ ಕೆಂಪು, ಕೆಂಪಿಗೆ ನೀಲಿ. ಹಿಂದೆ 1892ರಲ್ಲಿ ಬಾಡಿಗೆಯ ಜಗಳದಿಂದ ಸಿಟ್ಟಾಗಿ ಹೊರಟವರು ಆಚೆಗೆ ಹೋಗಿ ನೆಲೆಸಿದ್ದು ಇದೇ ಉದ್ಯಾನದ ಇನ್ನೊಂದು ಬದಿಯಲ್ಲಿ. ಜೈನರ ಮನೆಗಳಲ್ಲಿ ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿಯ ದಿನವೆಂಬುದೊಂದಿದೆ. ಆ ದಿನ ಆಡಬೇಕಾದ ಮಾತೂ ಗೊತ್ತಿದೆ. ಲಿವರ್‌ಪೂಲ್ ನಗರಕ್ಕೆ ಅಂಥ ತಿಥಿಯೂ ಇಲ್ಲ, ಮಾತೂ ಇಲ್ಲ. ಉಣ್ಣೆಯ ಗಂಟುಗಳೇ ಅದನ್ನು ನಡೆಸಿದವು.

ದುರಂತದ ನಂತರ ಲಿವರ್‌ಪೂಲ್ ಆಡಿದ ಮೊದಲ ಸ್ಪರ್ಧಾತ್ಮಕ ಪಂದ್ಯ ಮೇ 3ರಂದು, ಗುಡಿಸನ್ ಪಾರ್ಕಿನಲ್ಲಿ, ಎವರ್ಟನ್ನಿನ ವಿರುದ್ಧವೇ. ಯಾರೂ ಗೋಲು ಹೊಡೆಯಲಿಲ್ಲ. ಮೇ 20ರಂದು ಕಪ್ಪಿನ ಅಂತಿಮ ಪಂದ್ಯದಲ್ಲಿಯೂ ಇವೇ ಎರಡು ತಂಡಗಳು. ಹೆಚ್ಚುವರಿ ಅವಧಿಗೆ ಹೋದ ಆ ಪಂದ್ಯವನ್ನು ಲಿವರ್‌ಪೂಲ್ ಮೂರಕ್ಕೆ ಎರಡರಂತೆ ಗೆದ್ದಿತು. ಎವರ್ಟನ್ನಿನವರು ಬಿಟ್ಟುಕೊಡಲಿಲ್ಲ, ಕೊನೆಯ ನಿಮಿಷದಲ್ಲಿ ಸಮ ಮಾಡಿ ಆಮೇಲೆ ಮತ್ತೊಮ್ಮೆ ಸಮ ಮಾಡಿ ಸೋತರು. ಎದುರಾಳಿಯ ದುಃಖವನ್ನು ಗೌರವಿಸಬೇಕೆಂದು ಆಟವನ್ನು ಸಡಿಲಿಸಿದ್ದರೆ ಅದು ಕರುಣೆಯಂತೆ ಕಂಡರೂ ಮಾಯಾಕಷಾಯವೇ ಆಗುತ್ತಿತ್ತು.

ಮೃತರ ಮೇಲೆಯೇ ತಪ್ಪು ಹೊರಿಸುವ ಅಸತ್ಯಗಳು ಆಗ ಅಚ್ಚಾದವು. ಅವನ್ನು ಪ್ರಕಟಿಸಿದ ರಾಷ್ಟ್ರೀಯ ಪತ್ರಿಕೆಯೊಂದನ್ನು ಕೊಳ್ಳುವುದನ್ನು ಆ ನಗರದ ಕೆಂಪಿನವರಂತೆ ನೀಲಿಯವರೂ ಬಿಟ್ಟರು. ಸತ್ಯ ಹೊರಬರಲು ದಶಕಗಳು ಹಿಡಿದವು. 2012ರ ಸೆಪ್ಟೆಂಬರ್ 12ರಂದು ಸ್ವತಂತ್ರ ಸಮಿತಿಯ ವರದಿ ಬಂದಿತು. ಐದು ದಿನಗಳ ಬಳಿಕ ಗುಡಿಸನ್ ಪಾರ್ಕಿನಲ್ಲಿ ಎವರ್ಟನ್ನಿನ ಪಂದ್ಯ, ಬೇರೊಂದು ತಂಡದ ವಿರುದ್ಧ. ಆಟಕ್ಕೆ ಮುನ್ನ ಒಬ್ಬ ಬಾಲಕ, ಒಬ್ಬಳು ಬಾಲಕಿ ಕೈ ಹಿಡಿದು ಮೈದಾನದ ನಡುವೆ ನಿಂತರು. ಒಂದು ಅಂಗಿ ನೀಲಿ, ಒಂದು ಕೆಂಪು. ಬೆನ್ನ ಮೇಲೆ ಒಂದರಲ್ಲಿ 9, ಇನ್ನೊಂದರಲ್ಲಿ 6. ಆಗಿನ ಲೆಕ್ಕದಂತೆ ಮೃತರು 96. ಪ್ರತಿಯೊಬ್ಬರ ಹೆಸರೂ ಪರದೆಯ ಮೇಲೆ ಮೂಡಿತು. 2016ರ ಏಪ್ರಿಲ್‌ನಲ್ಲಿ ಪಂಚರು, ಇವು ಕಾನೂನುಬಾಹಿರ ಸಾವುಗಳು, ಅಭಿಮಾನಿಗಳ ತಪ್ಪು ಇದರಲ್ಲಿಲ್ಲ ಎಂದು ತೀರ್ಪಿತ್ತರು. ಈ ಸೌಜನ್ಯ ಏಕಮುಖವಾಗಿರಲಿಲ್ಲ. 2007ರ ಆಗಸ್ಟಿನಲ್ಲಿ ಎವರ್ಟನ್ ಅಭಿಮಾನಿಯಾದ 11 ವರ್ಷದ ಬಾಲಕನೊಬ್ಬ ಗುಂಡೇಟಿಗೆ ಬಲಿಯಾದಾಗ ಆನ್‌ಫೀಲ್ಡಿನಲ್ಲಿ ಎವರ್ಟನ್ ತಂಡದ ಪ್ರವೇಶರಾಗವನ್ನು ನುಡಿಸಲಾಯಿತು.

ಇಷ್ಟನ್ನು ಹೇಳಿ ಅಲ್ಲಿಗೆ ವೈರ ಅಳಿಯಿತೆಂದು ಬರೆದರೆ ಸುಳ್ಳಾಗುತ್ತದೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಅತಿ ಹೆಚ್ಚು ಕೆಂಪು ಕಾರ್ಡುಗಳನ್ನು ಕಂಡ ಮುಖಾಮುಖಿ ಇದೇ. 1999ರ ಸೆಪ್ಟೆಂಬರಿನ ಒಂದೇ ಪಂದ್ಯದಲ್ಲಿ ಮೂವರು ಆಟಗಾರರು ಹೊರಹಾಕಲ್ಪಟ್ಟರು. ಪ್ರೇಕ್ಷಕರ ಹಾಡುಗಳಲ್ಲಿ ಹೊಲಸು ಸೇರಿತು. ಭರತ ಬಾಹುಬಲಿಗಳ ಕಥೆಯಲ್ಲಿಯೂ, ಸೈನ್ಯಗಳ ರಕ್ತ ಹರಿಯದಿರಲೆಂದು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳ ನಿಯಮವನ್ನು ಕಟ್ಟಿದ ಮೇಲೆ, ಮೂರರಲ್ಲಿಯೂ ಸೋತ ಚಕ್ರವರ್ತಿ ನಿಯಮ ಮೀರಿ ಚಕ್ರವನ್ನೆಸೆದನಲ್ಲವೆ? ಗೆದ್ದವನಿಗಾದರೂ ಅಣ್ಣನ ನೆಲದ ಮೇಲೆ ನಿಂತಿದ್ದೇನೆಂಬ ಶಲ್ಯ ವರ್ಷಕಾಲ ಉಳಿದಿತ್ತು. ನಿಯಮಬದ್ಧ ಸ್ಪರ್ಧೆ ಕೋಪವನ್ನು ಇಲ್ಲವಾಗಿಸುವುದಿಲ್ಲ. ಕಲ್ಲಿನಲ್ಲಿ ಕೊರೆಯಬಹುದಾಗಿದ್ದ ಗೆರೆಯನ್ನು ಧೂಳಿನಲ್ಲಿ ಎಳೆಯುವಂತೆ ಮಾಡುತ್ತದೆ, ಅಷ್ಟೇ. ಅದು ಸಣ್ಣ ಲಾಭವಲ್ಲ.

2025ರ ಫೆಬ್ರವರಿ 12ರಂದು ಗುಡಿಸನ್ ಪಾರ್ಕಿನಲ್ಲಿ ಈ ಎರಡು ತಂಡಗಳ ಕೊನೆಯ ಪಂದ್ಯ ನಡೆಯಿತು. ಎವರ್ಟನ್ ಆ ವರ್ಷ ಮರ್ಸಿ ನದಿಯ ದಂಡೆಯ ಹಳೆಯ ಹಡಗುಕಟ್ಟೆಯಲ್ಲಿ ಕಟ್ಟಿದ ಹೊಸ ಕ್ರೀಡಾಂಗಣಕ್ಕೆ ಹೊರಟಿತ್ತು. ಲಿವರ್‌ಪೂಲ್ ಎರಡಕ್ಕೆ ಒಂದರಂತೆ ಮುಂದಿದ್ದು, 98ನೆಯ ನಿಮಿಷದಲ್ಲಿ ಎವರ್ಟನ್ನಿನ ಜೇಮ್ಸ್ ಟಾರ್ಕೌಸ್ಕಿ ಹೊಡೆದ ಗೋಲಿನಿಂದ ಸಮವಾಯಿತು. ಅಂತಿಮ ಸೀಟಿಯ ಬಳಿಕ ಆಟಗಾರರು ಕೈಕೈ ಮಿಲಾಯಿಸಿದರು. ಎರಡೂ ಕಡೆಯ ಒಬ್ಬೊಬ್ಬ ಆಟಗಾರನಿಗೆ, ಲಿವರ್‌ಪೂಲಿನ ತರಬೇತುದಾರರಿಗೆ ಮತ್ತು ಅವರ ಸಹಾಯಕರಿಗೆ ರೆಫರಿ ಕೆಂಪು ಕಾರ್ಡು ತೋರಿದರು. ಆ ಅಂಗಳದಲ್ಲಿ ಎರಡು ತಂಡಗಳ ನಡುವೆ ಅದುವರೆಗೆ ನಡೆದಿದ್ದ ಪಂದ್ಯಗಳು 120. ಎವರ್ಟನ್ ಗೆದ್ದವು 41, ಲಿವರ್‌ಪೂಲ್ ಗೆದ್ದವು 41, ಸಮವಾದವು 38.