ನೆರೆ ಬಂದ ಮನೆ

ನನ್ನ ತುರ್ತು ಚೀಲವನ್ನು ನೋಡಿದ ಅಮ್ಮ ಮೊದಲು ಕೇಳಿದ್ದು, ‘ಎಲ್ಲಿಗೆ ಹೊರಟದ್ದು? ಧರ್ಮಸ್ಥಳಕ್ಕಾ?’ ಎಂದು.

ಅದು 2020ರ ಮಳೆಗಾಲ. ಕೊರೊನಾ ದೆಸೆಯಿಂದ ಮನೆಯಲ್ಲೇ ಕೂತಿದ್ದ ನನಗೆ ಲೋಕದ ಸಕಲ ಆಪತ್ತುಗಳ ಬಗ್ಗೆ ಓದಲು ಬೇಕಾದಷ್ಟು ಪುರುಸೊತ್ತಿತ್ತು. ಓದಿ ಹೆದರಿದೆ, ಹೆದರಿ ಚೀಲ ಕಟ್ಟಿದೆ. ಟಾರ್ಚು, ಪವರ್ ಬ್ಯಾಂಕು, ಓಆರ್‌ಎಸ್ ಪೊಟ್ಟಣ, ಬಿಸ್ಕಿಟು, ಕತ್ತರಿ, ಅಮ್ಮನ ಬಿಪಿ ಮಾತ್ರೆ, ಆಧಾರ್ ನಕಲು. ಮನೆಯ ಮೂವರಿಗೆ ಸರಿಯಾಗಿ ಮೂರು ದಿನಕ್ಕೆ. ಅಮ್ಮ ಒಂದೊಂದನ್ನೇ ಹೊರಗೆ ತೆಗೆದು ಸೀಟಿಯ ಹತ್ತಿರ ನಿಂತರು.

‘ಇದೆಂತಕ್ಕೆ?’

‘ಎಲ್ಲಿಯಾದರೂ ಸಿಕ್ಕಿಬಿದ್ದರೆ ಊದಲಿಕ್ಕೆ.’

‘ಆಚೆಮನೆ ಇರುವುದು ನಾಲ್ಕು ಮಾರು ದೂರ. ಕೂಗಿದರೆ ಕೇಳುವುದಿಲ್ವಾ ಮಾರಾಯ?’

ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಅಲರ್ಟುಗಳನ್ನೂ ವಿವರಿಸಿದೆ. ‘ಸೀರೆ ಅಂಗಡಿಯಾ?’ ಎಂದು ಕೇಳಿ ಅಮ್ಮ ಅಟ್ಟ ಹತ್ತಿದರು.

ಅಮ್ಮನ ತುರ್ತು ಚೀಲವೆಂದರೆ ಆ ಅಟ್ಟ. ಅದರ ಶಾಸ್ತ್ರ ಅವರಿಗೆ ಬಂದದ್ದು ಕಾರ್ಕಳದ ತವರಿನಿಂದ. ಅಲ್ಲಿ ಅಜ್ಜಿಗೆ ಮೇ ತಿಂಗಳೆಂದರೆ ಯುದ್ಧದ ತಯಾರಿ. ಪತ್ತನಾಜೆ ಬಂದು ದೈವಗಳೂ ಯಕ್ಷಗಾನ ಮೇಳಗಳೂ ವಿಶ್ರಾಂತಿಗೆ ಹೊರಡುವಷ್ಟರಲ್ಲಿ ಒಡೆದ ಹಂಚು ಬದಲಾಗಿ, ಜಗಲಿಗೆ ಎರಚಲು ಹೊಡೆಯದಂತೆ ಮಡಲಿನ ತಟ್ಟಿ ಕಟ್ಟಿ, ಬಚ್ಚಲೊಲೆಗೆ ಕೊತ್ತಲಿಗೆ, ಗೆರಟೆಗಳ ರಾಶಿ ಬಿದ್ದಿರಬೇಕು. ಭರಣಿಯಲ್ಲಿ ಮಿಡಿ ಉಪ್ಪಿನಕಾಯಿ, ಉಪ್ಪುನೀರಿನಲ್ಲಿ ಹಲಸಿನ ಸೊಳೆ, ಡಬ್ಬಿಯಲ್ಲಿ ಹಪ್ಪಳ, ಚಾಪೆಯಲ್ಲಿ ಒಣಗಿಸಿದ ಮಾಂಬಳ, ಮಕ್ಕಳು ಕದ್ದು ತಿನ್ನಲಿ ಎಂದೇ ಕೈಗೆಟಕುವಲ್ಲಿ ಸಾಂತಾಣಿ. ಅಟ್ಟದ ಪಕಾಸಿನಿಂದ ಬಾಳೆನಾರಿನಲ್ಲಿ ಸಾಲಾಗಿ ತೂಗುವ ಸೌತೆಕಾಯಿಗಳು. ಗಾಳಿಯಾಡಿದರೆ ಆಟಿಯ ಕೊನೆಯವರೆಗೂ ಕೆಡದ, ಹಳದಿ ಪಟ್ಟೆಯ ದಪ್ಪ ಕಾಯಿಗಳು. ಸಿಡಿಲಿನ ವ್ಯವಸ್ಥೆಯೂ ಇತ್ತು: ಅಂಗಳಕ್ಕೆ ಒಂದು ಕತ್ತಿ ಎಸೆದು ಅರ್ಜುನನ ಹತ್ತು ಹೆಸರು ಹೇಳುವುದು. ಇಡೀ ಕಾರ್ಕಳದಲ್ಲಿ ಮಳೆಗಾಲಕ್ಕೆ ಯಾವ ತಯಾರಿಯನ್ನೂ ಮಾಡದವನು ಒಬ್ಬನೇ. 1432ರಿಂದ ಗುಡ್ಡದ ಮೇಲೆ ಕೊಡೆಯಿಲ್ಲದೆ ನಿಂತ 42 ಅಡಿಯ ಗೊಮ್ಮಟ. ‘ಅವನಿಗೆಂತ, ಒಣಗಿಸಲಿಕ್ಕೆ ಬಟ್ಟೆ ಇಲ್ಲ’ ಎನ್ನುತ್ತಿದ್ದರು ಅಜ್ಜಿ.

ಸೆಪ್ಟೆಂಬರ್ 19ರ ಶನಿವಾರ ರಾತ್ರಿ ಮಳೆ ಹಿಡಿಯಿತು. ನಮ್ಮದು ಉಡುಪಿಯ ಕಲ್ಸಂಕದ ಹತ್ತಿರದ ಹಳೇ ಹಂಚಿನ ಮನೆ. ಬೇಸಗೆಯಲ್ಲಿ ಇದ್ದೂ ಇಲ್ಲದಂತಿರುವ ಇಂದ್ರಾಣಿ ಹೊಳೆ ಬೆಳಗಿನ ಜಾವ ಹೇಳದೆ ಕೇಳದೆ ಒಳಗೆ ಬಂತು. ಕಾಲು ಕೆಳಗಿಟ್ಟರೆ ಮೊಣಕಾಲಿನವರೆಗೆ ನೀರು, ಕರೆಂಟು ಇಲ್ಲ. ‘ಚೀಲ! ಚೀಲ!’ ಎಂದು ಕೂಗಿದೆ. ಗಡಿಬಿಡಿಯಲ್ಲಿ ಥಟ್ಟನೆ ಸಿಗಲೆಂದು ಅದನ್ನು ಬಾಗಿಲ ಬಳಿಯ ಕಪಾಟಿನ ಅತ್ಯಂತ ಕೆಳಗಿನ ಖಾನೆಯಲ್ಲಿಟ್ಟಿದ್ದೆ. ಮನೆಯಲ್ಲಿ ಮೊದಲು ಮುಳುಗಿದ್ದು ಅದೇ. ಬಿಸ್ಕಿಟು ಗಂಜಿಯಾಗಿತ್ತು, ಓಆರ್‌ಎಸ್ ಇಂದ್ರಾಣಿಯ ಪಾಲಾಗಿತ್ತು. ನೆರೆ ಬಂದಾಗ ಏನೇನು ಮಾಡಬೇಕೆಂಬ ಪಟ್ಟಿ ಮೊಬೈಲಿನಲ್ಲಿತ್ತು, ಮೊಬೈಲು ಚಾರ್ಜಿಲ್ಲದೆ ಮಲಗಿತ್ತು.

ಅಮ್ಮ ಆಗಲೇ ಲಾಟೀನು ಹಚ್ಚಿ ಅಟ್ಟದ ಏಣಿಯ ಮೇಲೆ ನಿಂತಿದ್ದರು. ಅಟ್ಟದ ಕಿಟಕಿಯಿಂದ ತಲೆ ಹೊರಗೆ ಹಾಕಿ ಒಂದೇ ಸಲ ಕರೆದರು, ‘ಓ ಅಕ್ಕಾ, ಮಕ್ಕಳನ್ನು ಕರಕೊಂಡು ಇಲ್ಲಿಗೇ ಬನ್ನಿ!’ ನಾಲ್ಕು ಮಾರು ದೂರಕ್ಕೆ ಸ್ಪಷ್ಟವಾಗಿ ಕೇಳಿಸಿತು.

ಬೆಳಕು ಹರಿಯುವಾಗ ಅಟ್ಟದಲ್ಲಿ ಒಂಬತ್ತು ಜನ, ಒಂದು ಬೆಕ್ಕು. ಅಮ್ಮ ಅವಲಕ್ಕಿಗೆ ಬೆಲ್ಲ ಕಲಸಿ ಬಡಿಸುತ್ತಿದ್ದರು. ಮಾಂಬಳ ಹಂಚಿದರು. ಆಚೆಮನೆಯ ಅಕ್ಕ ಉಪ್ಪಿನಕಾಯಿಯ ಉಪ್ಪು ಒಂದು ಗುಂಜಿ ಮುಂದಾಯಿತೆಂದು ಆ ಸ್ಥಿತಿಯಲ್ಲೂ ಹೇಳಿದರು. ಕೆಳಗೆ ಬೀದಿಯಲ್ಲಿ ದೋಣಿಗಳು ಬರತೊಡಗಿದ್ದವು. ಕೃಷ್ಣಮಠದ ಪಾರ್ಕಿಂಗ್ ಜಾಗ ಕೆರೆಯಾಗಿದೆ ಎಂದು ಯಾರೋ ಹೇಳಿದರು. ಬಿರುಗಾಳಿಗೆ ಸಿಕ್ಕ ಹಡಗನ್ನು ಮಧ್ವಾಚಾರ್ಯರು ಮಲ್ಪೆಯ ಕಡಲತೀರದಲ್ಲಿ ನಿಂತು ಬಟ್ಟೆ ಬೀಸಿ ದಡ ಸೇರಿಸಿದರೆಂದೂ, ಅದಕ್ಕೆ ಪ್ರತಿಯಾಗಿ ಸಿಕ್ಕ ಗೋಪಿಚಂದನದ ಗಟ್ಟಿಯೊಳಗೆ ಕೃಷ್ಣ ಇದ್ದನೆಂದೂ ಐತಿಹ್ಯ. ಚಂಡಮಾರುತ ಪರಿಹಾರದ ಇನಾಮಾಗಿ ಈ ಊರಿಗೆ ಬಂದ ದೇವರ ಬಾಗಿಲಿಗೇ ನೀರು! ‘ಅವನು ಯಮುನೆಯನ್ನೇ ದಾಟಿ ಬಂದವನು, ನೀನು ಮೊದಲು ಅವಲಕ್ಕಿ ತಿನ್ನು’ ಎಂದರು ಅಮ್ಮ.

ನೀರು ಇಳಿದ ಮೇಲೆ ಬಾವಿಗೆ ಬ್ಲೀಚಿಂಗ್ ಪುಡಿ ಬಿತ್ತು. ನನ್ನ ಆಧಾರ್ ನಕಲುಗಳು ಬಟ್ಟೆ ಹಗ್ಗದಲ್ಲಿ ಒಣಗಿದವು. ಅಸಲು ಪತ್ರಗಳು ಅಟ್ಟದ ಟ್ರಂಕಿನಲ್ಲಿ ನುಸಿಗುಳಿಗೆಯ ವಾಸನೆ ಹೊಡೆಯುತ್ತ ಬೆಚ್ಚಗಿದ್ದವು.

ಮರುವರ್ಷದ ಮೇಯಲ್ಲಿ ತೌಕ್ತೆ ಚಂಡಮಾರುತ. ಕಾಪುವಿನ ಚಿಕ್ಕಮ್ಮನ ಮನೆ ಕಡಲಿಗೆ ಮುಖಮಾಡಿದೆ. ಅಲ್ಲಿನ ದೀಪಸ್ತಂಭ 1901ರಿಂದ ಬೆಳಕು ಬೀಸುತ್ತಿರುವುದು ಹಡಗಿನವರಿಗೆ. ಚಿಕ್ಕಮ್ಮನಿಗೆ ಕಿವಿಯೇ ಸಾಕು, ಅಲೆಯ ಸದ್ದು ಬದಲಾದರೆ ಟ್ರಂಕು ಕಟ್ಟುತ್ತಾರೆ. ಸುಗ್ಗಿ, ಆಟಿ, ಜಾರ್ದೆ ಎಂದು ವರ್ಷಕ್ಕೆ ಮೂರು ಸಲ ಮಾರಿಪೂಜೆ ನಡೆಸುವ ಊರಿಗೆ ಮುಂಜಾಗ್ರತೆಯನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಕಾಪು ಕಡಲಿನ ಬಂಡೆಗಳಲ್ಲಿ ಸಿಕ್ಕಿಬಿದ್ದ ಟಗ್ಗಿನ 9 ಮಂದಿಯನ್ನು ಹೆಲಿಕಾಪ್ಟರ್, ದೋಣಿಗಳಲ್ಲಿ ಹೋಗಿ ಪಾರುಮಾಡಿದ ದಿನ ಫೋನು ಮಾಡಿದೆ. ‘ನಮ್ಮ ಎರಡು ತೆಂಗು ಹೋಯಿತು. ಅದು ಇರಲಿ, ಆ ಹುಡುಗರು ಬದುಕಿದರಲ್ಲ! ಎಷ್ಟು ಹೊತ್ತಿನಿಂದ ಹಸಿದಿದ್ದರೋ, ಊಟಕ್ಕೆ ಎಂತ ಕೊಟ್ಟರೋ’ ಎಂದರು.

ಈಗ ಅಮ್ಮ ಇಲ್ಲ. ಹಂಚಿನ ಮನೆಯೂ ಇಲ್ಲ. ಮಣಿಪಾಲದಲ್ಲಿ ಏಳನೆಯ ಮಹಡಿಯ ಫ್ಲ್ಯಾಟಿನಲ್ಲಿದ್ದೇನೆ. ‘ಗುಡ್ಡದ ಮೇಲೆ ಸಾರ್, ಇಲ್ಲಿಗೆ ನೆರೆ ಬರುವುದೇ ಇಲ್ಲ’ ಎಂದು ಮಾರಿದವನು ಭರವಸೆ ಕೊಟ್ಟಿದ್ದ. ಮಾತಿಗೆ ತಪ್ಪಲಿಲ್ಲ. ನೀರಿನ ನೆರೆಯೂ ಬರಲಿಲ್ಲ, ಮನೆಯ ನೆರೆಯೂ ಬರಲಿಲ್ಲ. ಬಂದ ನೆರೆಯೆಂದರೆ ನನ್ನ ತಲೆಗೂದಲಿನದು. ಕರೆಂಟು ಹೋದರೆ ಲಿಫ್ಟು, ನೀರಿನ ಪಂಪು, ಇಂಡಕ್ಷನ್ ಒಲೆ ಮೂರೂ ಒಟ್ಟಿಗೆ ಸಾಯುತ್ತವೆ. ಅಟ್ಟದ ಬದಲು ಲಾಫ್ಟು ಉಂಟು. ಅದರೊಳಗೆ ಟೀವಿ, ಮಿಕ್ಸಿಗಳ ಖಾಲಿ ರಟ್ಟಿನ ಪೆಟ್ಟಿಗೆಗಳು.

2023ರ ಅಕ್ಟೋಬರ್‌ನಲ್ಲಿ ಒಂದು ದಿನ ಸರ್ಕಾರ ವಿಪತ್ತಿನ ಎಚ್ಚರಿಕೆ ಸಂದೇಶವನ್ನು ಪ್ರಯೋಗಾರ್ಥವಾಗಿ ಕಳಿಸಿತು. ಕಟ್ಟಡದ ಮೊಬೈಲುಗಳೆಲ್ಲ ಒಮ್ಮೆಲೇ ಕಿರುಚಿಕೊಂಡವು. ಎದುರು ಮನೆ, ಪಕ್ಕದ ಮನೆ, ಮೂಲೆ ಮನೆ, ಎಲ್ಲ ಬಾಗಿಲುಗಳೂ ತೆರೆದುಕೊಂಡವು. ಬನಿಯನ್ನಿನಲ್ಲಿ, ನೈಟಿಯಲ್ಲಿ, ಕೈಯಲ್ಲಿ ಸೌಟು ಹಿಡಿದು ಬಂದ ಇವರೆಲ್ಲ ನನ್ನ ಮಹಡಿಯವರೇ ಎಂದು ತಿಳಿದದ್ದು ಆಗ. ‘ಟೆಸ್ಟ್ ಅಂತೆ’ ಎಂದರು ಯಾರೋ. ಎಲ್ಲರೂ ನಕ್ಕರು. ಬಾಗಿಲುಗಳು ಮತ್ತೆ ಮುಚ್ಚಿಕೊಂಡವು. ಆ ಕಾರಿಡಾರಿನಲ್ಲಿ ಇನ್ನೊಂದು ನಿಮಿಷ ಸುಮ್ಮನೆ ನಿಂತಿದ್ದೆ.

ಈ ಸಲ ಪತ್ತನಾಜೆಯ ಹೊತ್ತಿಗೆ ಉಡುಪಿ ಸಂತೆಯಿಂದ ಹನ್ನೆರಡು ಸೌತೆಕಾಯಿ ತಂದೆ. ಮನೆಯಲ್ಲಿರುವುದು ಇಬ್ಬರೇ. ಹೆಂಡತಿ ಲೆಕ್ಕ ಕೇಳಿದಳು, ನನ್ನಲ್ಲಿ ಉತ್ತರವಿರಲಿಲ್ಲ. ಬಾಳೆನಾರು ಸಿಗದೆ ಪ್ಲಾಸ್ಟಿಕ್ ಹಗ್ಗದಲ್ಲಿ ಕಟ್ಟಿ ಬಾಲ್ಕನಿಯ ಸರಳಿಗೆ ತೂಗುಹಾಕಿದೆ. ಸಂಜೆ ಪಕ್ಕದ ಬಾಲ್ಕನಿಯಿಂದ, ಎಲ್ಲಿಂದಲೋ ಓದಲು ಬಂದ ಹುಡುಗನೊಬ್ಬ ಹರಕುಮುರುಕು ಕನ್ನಡದಲ್ಲಿ ಕೇಳಿದ, ‘ಅಂಕಲ್, ಇದು ದೃಷ್ಟಿಗಾ?’

‘ಅಲ್ಲ ಮಾರಾಯ, ನೆರೆಗೆ.’

ಅವನಿಗೆ ಏನೂ ಅರ್ಥವಾಗಲಿಲ್ಲ. ಆದರೂ ಒಂದನ್ನು ಕೊಡೋಣ ಎಂದು ಹೊರಟರೆ ಪ್ಲಾಸ್ಟಿಕ್ಕಿನ ಗಂಟು ಬಿಚ್ಚಲು ಬರಲೊಲ್ಲದು. ಕೊನೆಗೆ ಒಳಗೆ ಹೋಗಿ ತುರ್ತು ಚೀಲ ತೆರೆದು, ಕತ್ತರಿ ತಂದೆ.