ಚೆಂಡಿಗೋ, ಕಾಲಿಗೋ?

ಮೈಸೂರಿನ ಟೀ ಅಂಗಡಿಯ ಟೀವಿಯಲ್ಲಿ ಫುಟ್ಬಾಲ್ ಬಂತೆಂದರೆ ರೆಫ್ರಿಗೆ ಬೈಗುಳ ತಪ್ಪದು. ಎದುರಾಳಿಯ ಕಾಲು ಮುರಿಯುವಂತೆ ನುಗ್ಗಿದವನಿಗೆ ಕಾರ್ಡೇ ಇಲ್ಲವೆಂದರೆ ಸಿಟ್ಟು ಬಾರದಿದ್ದೀತೇ? ‘ಅವನು ಹೋದದ್ದು ಚೆಂಡಿಗೆ’ ಎಂಬ ಸಮಜಾಯಿಷಿ ಬೇರೆ!

70 ಕಿಲೋ ದೇಹ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಬಂದು, ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ ಬೀಳುವ ಪೆಟ್ಟು 4 ಕ್ವಿಂಟಲ್ ಭಾರಕ್ಕೂ ಮಿಗಿಲು. ನ್ಯೂಟನ್ನನ ಲೆಕ್ಕದಲ್ಲಿ ಉದ್ದೇಶಕ್ಕೆ ಜಾಗವಿಲ್ಲ. ಆಟದ 12ನೇ ನಿಯಮವೂ ಕೇಳುವುದು ಅಪಾಯವಿತ್ತೇ ಎಂದಷ್ಟೆ.

2004ರ ಡಿಸೆಂಬರ್ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಫೆಡರೇಷನ್ ಕಪ್ ಫೈನಲ್‌ನಲ್ಲಿ ಡೆಂಪೋ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಗೋಲು ಹೊಡೆದರು. ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಕುಸಿದವರು ಮತ್ತೆ ಏಳಲಿಲ್ಲ. ಗೋಲ್‌ಕೀಪರ್‌ಗೆ ಆಮೇಲೆ ಆದದ್ದು 2 ತಿಂಗಳ ಅಮಾನತು.

ಸಿಟ್ಟು ನ್ಯಾಯವೇ. ಆದರೆ ನಮ್ಮ ತಂಡದವನು ನುಗ್ಗಿದಾಗಲೂ ಅದು ಬರಬೇಕು.