ಕಣದ ಕೆಲಸ ಇಲ್ಲದ ವರ್ಷ

ಹಾಸ್ಟೆಲ್‌ನಲ್ಲಿ ಡಿಸೆಂಬರ್ ಬಂತು ಅಂದರೆ ಎಲ್ಲರ ಸ್ಟೇಟಸ್‌ನಲ್ಲೂ ಸಮುದ್ರ. ಒಬ್ಬರು ಗೋವಾ, ಇನ್ನೊಬ್ಬರು ಗೋಕರ್ಣ. ಕೆನಡಾದಲ್ಲಿ ಕೆಲಸದಲ್ಲಿರುವ ಸೀನಿಯರ್ ಒಬ್ಬರು ಸಂಸಾರ ಸಮೇತ ಮೆಕ್ಸಿಕೊದ ಕಾನ್‌ಕುನ್ ಬೀಚಿನಲ್ಲಿ ನಿಂತ ಫೋಟೊ ಹಾಕಿದ್ದರು. 1970ರ ದಶಕದಲ್ಲಿ ಅಲ್ಲಿನ ಸರ್ಕಾರವೇ ಪ್ಲಾನ್ ಹಾಕಿ ಕಟ್ಟಿಸಿದ ಪ್ರವಾಸಿ ಊರಂತೆ ಅದು. ಹಿಮ ಬೀಳುವ ದೇಶದವರು ಚಳಿಗಾಲದಲ್ಲಿ ಬಿಸಿಲು ಹುಡುಕಿಕೊಂಡು ಅಲ್ಲಿಗೆ ಬರುತ್ತಾರೆ. ನಾವು ಆ ಫೋಟೊಗೆ ಒಂದು ಲೈಕ್ ಒತ್ತಿ ಸುಮ್ಮನಾಗಿದ್ದೆವು. ಯಾಕೆಂದರೆ ನಮ್ಮ ಮನೆಯಲ್ಲಿ 'ಫ್ಯಾಮಿಲಿ ಟ್ರಿಪ್' ಅನ್ನೋ ಮಾತೇ ಇರಲಿಲ್ಲ.

ನಾವು ಅಂದರೆ ಅಕ್ಕ ಮತ್ತು ತಮ್ಮ. ಒಬ್ಬರು ಸಿವಿಲ್, ಒಬ್ಬರು ಎಲೆಕ್ಟ್ರಿಕಲ್, ಇಬ್ಬರೂ ಇದೇ ಕ್ಯಾಂಪಸ್ಸು. ಊರು ಅಜ್ಜಂಪುರದ ಹತ್ತಿರ ಒಂದು ಹಳ್ಳಿ. ಎರಡು ಎಕರೆ ಅಡಿಕೆ, ಮೂರು ಎಕರೆ ಹೊಲ, ಎರಡು ಹಸು. ಅತ್ತೆ ಮನೆ ತರೀಕೆರೆ ಕಡೆ, ಮಾವನ ತೆಂಗಿನ ತೋಟ ಕಡೂರು ಕಡೆ. ಚಿಕ್ಕವರಿದ್ದಾಗಿಂದ ಪ್ರತಿ ಡಿಸೆಂಬರ್‌ನಲ್ಲೂ ನಮ್ಮದು ಒಂದೇ ಪ್ರಶ್ನೆ, ಅಪ್ಪನದು ಒಂದೇ ಉತ್ತರ.

"ಅಪ್ಪಾ, ಸಮುದ್ರ ನೋಡಕ್ಕೆ ಹೋಗಣಾ?"

"ಕಣದ ಕೆಲಸ ಮುಗೀಲಿ, ನೋಡಣ."

ಕಣದ ಕೆಲಸ ಮುಗಿಯೋದೇ ಇಲ್ಲ ಅಂತ ನಮಗೆ ಗೊತ್ತಿತ್ತು. ಮೊದಲು ರಾಗಿ ಕೊಯ್ಲು, ಮೆದೆ ಒಟ್ಟೋದು, ಒಕ್ಕಣೆ. ಅದರ ಮಧ್ಯೆ ಅಡಿಕೆ ಕೊಯ್ಲು, ಸುಲಿಯೋದು, ಬೇಯಿಸೋದು, ಒಣಗಿಸೋದು. ಎಲ್ಲ ಮುಗಿಯೋ ಹೊತ್ತಿಗೆ ಶಿವರಾತ್ರಿ. ಹಾಗಾಗಿ 2023ರ ಡಿಸೆಂಬರ್‌ನಲ್ಲಿ ಇಂಟರ್ನಲ್ಸ್ ಮುಗಿಸಿ ಊರಿಗೆ ಹೋದಾಗ ಅಪ್ಪ ಊಟಕ್ಕೆ ಕೂತವರು ತಲೆ ಎತ್ತದೆ, "ಮುರ್ಡೇಶ್ವರಕ್ಕೆ ಹೋಗಿ ಬರಣ ಕಣ್ರೋ. ಟಿಟಿ ಮಾತಾಡಿದೀನಿ" ಅಂದಾಗ ನಮ್ಮ ಖುಷಿ ಹೇಳತೀರದು. ಯಾಕೆ ಈ ವರ್ಷ ಅಂತ ಕೇಳುವ ಬುದ್ಧಿ ಆವತ್ತು ಬರಲಿಲ್ಲ.

ಅಮ್ಮನಿಗೆ ಬಂದಿದ್ದು ಬೇರೆ ಪ್ರಶ್ನೆ: "ಹಸು ಯಾರು ಕರೀತಾರೆ?" ಇಡೀ ಟ್ರಿಪ್ಪಿನ ಪ್ಲಾನಿಂಗ್‌ನಲ್ಲಿ ಕಷ್ಟದ ಭಾಗ ಅದೇ. ರೂಮು ಒಂದು ಫೋನಿನಲ್ಲಿ ಸಿಕ್ಕಿತು, ಎರಡು ದಿನ ಹಾಲು ಕರೆಯೋರು ಸಿಗಬೇಕಾದರೆ ಮೂರು ದಿನ ಹಿಡಿಯಿತು. ಕೊನೆಗೆ ಪಕ್ಕದ ಮನೆ ದೊಡ್ಡಮ್ಮ ಒಪ್ಪಿಕೊಂಡರು. ಅವರ ಮಗ ಕರೆಂಟ್ ಬಂದಾಗ ತೋಟದ ಮೋಟರ್ ಹಾಕ್ತೀನಿ ಅಂದ.

ಬೆಳಗಿನ ಜಾವ ನಾಲ್ಕಕ್ಕೆ ಹೊರಟೆವು. ಹೊರಗೆ ಮಂಜು, ಒಳಗೆ ಪುಳಿಯೋಗರೆ, ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿಯ ವಾಸನೆ. ಎಪ್ಪತ್ತೆಂಟು ವರ್ಷದ ಅಜ್ಜಿ ಕಿಟಕಿ ಪಕ್ಕದ ಸೀಟು ಹಿಡಿದು, ಒಂದು ಬಟ್ಟೆ ಚೀಲವನ್ನ ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದರು. ಯಾರು ಕೇಳಿದರೂ ಕೊಡಲಿಲ್ಲ. ಮಾವನ ಮನೆಯವರು ಹಿಂದಿನ ರಾತ್ರಿಯೇ ಬೀರೂರು ಮೇಲೆ ಬಸ್ಸಿನಲ್ಲಿ ತರೀಕೆರೆಗೆ ಬಂದು ಅತ್ತೆ ಮನೆಯಲ್ಲಿ ಉಳಿದಿದ್ದರು. ಅಲ್ಲಿ ಅವರನ್ನೆಲ್ಲ ಹತ್ತಿಸಿಕೊಂಡಾಗ ಒಟ್ಟು ಹನ್ನೊಂದು ಜನ.

ತರೀಕೆರೆಯಲ್ಲಿ ಹೈವೇ ಹತ್ತಿದಾಗ ಗೊತ್ತಾದ ಸಂಗತಿ ಒಂದಿದೆ. ಕಡೂರಿನಲ್ಲಿ ನಾವು ದಿನಾ ದಾಟುತ್ತಿದ್ದ ರಸ್ತೆ, ಎಲ್ಲರೂ ಈಗಲೂ 'ಇನ್ನೂರಾರು' ಅಂತಲೇ ಕರೆಯೋ ಹಳೇ ಎನ್‌ಎಚ್ 206, ಈಗ ನಂಬರ್ 69, ಬೀರೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರ ದಾಟಿ ಸೀದಾ ಹೊನ್ನಾವರಕ್ಕೆ ಹೋಗಿ ಮುಗಿಯುತ್ತದೆ. ತರೀಕೆರೆಯಿಂದ ಅಲ್ಲಿಗೆ ಸುಮಾರು 200 ಕಿಲೋಮೀಟರ್. ಎಲ್ಲೂ ತಿರುಗೋದೇ ಬೇಡ. ಇಷ್ಟು ವರ್ಷ ಸಮುದ್ರಕ್ಕೆ ಹೋಗೋ ದಾರಿಯಲ್ಲೇ ನಿಂತು ಕಡೂರು ಬಸ್ಸಿಗೆ ಕಾಯ್ತಿದ್ದೆವು!

ಸಾಗರದ ಹತ್ತಿರ ಒಂದು ಮರದ ಕೆಳಗೆ ತಿಂಡಿ. ಗೇರುಸೊಪ್ಪೆ ಘಾಟಿಯ ತಿರುವುಗಳಲ್ಲಿ ಆ ತಿಂಡಿಯಲ್ಲಿ ಅರ್ಧ ವಾಪಸ್. ಅದರ ವಿವರ ಬೇಡ. ಘಾಟಿ ಇಳಿದ ಮೇಲೆ ಸ್ವೆಟರ್‌ಗಳು ಒಂದೊಂದಾಗಿ ಬ್ಯಾಗ್ ಸೇರಿದವು. ಪಕ್ಕದಲ್ಲಿ ಶರಾವತಿ ಅಗಲವಾಗಿ ಹರಿಯುತ್ತಿತ್ತು. ಅಪ್ಪ ಆ ನದಿಯಿಂದ ಕಣ್ಣು ತೆಗೆಯಲಿಲ್ಲ. "ಇಷ್ಟು ನೀರು ಹಿಂಗೇ ಹೋಗ್ಬಿಡುತ್ತಲ್ಲ" ಅಂದರು, ಅಷ್ಟೇ.

ಮುರ್ಡೇಶ್ವರದಲ್ಲಿ ಡಿಸೆಂಬರ್ ಕೊನೆಯ ವಾರದ ಜನ ಅಂದರೆ ಜನ. ಶಾಲಾ ಪ್ರವಾಸದ ಬಸ್ಸುಗಳೇ ಎಷ್ಟೋ. ಎರಡು ರೂಮಿಗೆ ಹನ್ನೊಂದು ಜನ, ಒಂದು ಗೀಸರ್ ಕೆಟ್ಟಿತ್ತು. ಆದರೂ ಯಾರೂ ಗೊಣಗಲಿಲ್ಲ. ಮೂರು ಕಡೆ ಸಮುದ್ರ ಇರೋ ಕಂದುಕ ಗಿರಿ, ಅದರ ಮೇಲೆ 123 ಅಡಿಯ ಶಿವ, ಎದುರಿಗೆ 20 ಅಂತಸ್ತಿನ ರಾಜಗೋಪುರ. ಗೋಪುರಕ್ಕೆ ಲಿಫ್ಟ್ ಇದೆ ಅಂದಾಗ ಅಜ್ಜಿ ನಂಬಲೇ ಇಲ್ಲ. ಮೇಲಿಂದ ಕಿಟಕಿಯಲ್ಲಿ ನೋಡಿದರೆ ದೋಣಿಗಳು ಇರುವೆಯಷ್ಟು ಕಾಣುತ್ತಿದ್ದವು. ಅಜ್ಜಿ ಬಹಳ ಹೊತ್ತು ನೋಡಿ ಕೇಳಿದ್ದು: "ಆ ಕಡೆ ದಡ ಎಲ್ಲೈತೆ?"

ಸಂಜೆ ನೀರಿಗಿಳಿದಾಗ ನಮ್ಮ ಬಯಲುಸೀಮೆ ಬಣ್ಣ ಬಯಲಾಯಿತು. ಕೆರೆಯಲ್ಲಿ ಈಜು ಕಲಿತ ಮಾವ ಎರಡೇ ಅಲೆಗೆ ಚಪ್ಪಲಿ ಕಳಕೊಂಡು ಬಂದರು. ಅಮ್ಮ ಮೊಣಕಾಲಿಗಿಂತ ಮುಂದೆ ಹೋಗಲಿಲ್ಲ. ಲೈಫ್‌ಗಾರ್ಡ್ ಸೀಟಿ ಊದಿದಾಗಲೆಲ್ಲ ಅತ್ತೆ ನಮ್ಮೆಲ್ಲರ ತಲೆ ಎಣಿಸೋರು. ಅಜ್ಜಿ ಬೊಗಸೆಯಲ್ಲಿ ನೀರು ತಗೊಂಡು ಬಾಯಿಗೆ ಹಾಕಿಕೊಂಡು ಉಗಿದರು. "ಇಷ್ಟು ನೀರಿಟ್ಕಂಡು ಒಂದು ಗಿಡಕ್ಕೆ ಹಾಕಂಗಿಲ್ವಲ್ಲೋ" ಅಂತ ಸಮುದ್ರದ ಮೇಲೇ ಸಿಟ್ಟು ಮಾಡಿಕೊಂಡರು.

ಅಪ್ಪ ಮಾತ್ರ ನೀರಿಗೆ ಬರಲಿಲ್ಲ. ದಡದ ತೆಂಗಿನ ಮರಗಳ ಬುಡ ನೋಡಿಕೊಂಡು ಓಡಾಡುತ್ತಿದ್ದರು. ಮಾವನನ್ನ ಕರೆದು "ನೋಡಿ ಭಾವ, ಡ್ರಿಪ್ಪಿಲ್ಲ, ಏನಿಲ್ಲ, ಎಂಥ ಗೊನೆ" ಅಂದರು. ಇಬ್ಬರೂ ಎಳನೀರಿನ ರೇಟು ವಿಚಾರಿಸಿ, ಅದರಲ್ಲಿ ಬೆಳೆದವನಿಗೆ ಎಷ್ಟು ಸಿಗುತ್ತೆ ಅಂತ ಲೆಕ್ಕ ಹಾಕಿದರು. ಟೂರಿಗೆ ಬಂದವರು ಹಿಂಗಾ ಮಾಡೋದು ಅಂತ ನಾವು ನಕ್ಕೆವು.

ಆ ರಾತ್ರಿ ಊಟ ಆದ ಮೇಲೆ ಲಾಡ್ಜಿನ ಮೆಟ್ಟಿಲ ಹತ್ತಿರ ಅಪ್ಪ ಫೋನಿನಲ್ಲಿ ಮಾತಾಡುತ್ತಿದ್ದದ್ದು ಕಿವಿಗೆ ಬಿತ್ತು. "ಎಷ್ಟು ಹೊತ್ತು ಬಂತು? ಇಪ್ಪತ್ತೇ ನಿಮಿಷವಾ? ಆಮೇಲೆ ಗಾಳಿನಾ... ಸರಿ, ಆಫ್ ಮಾಡ್ಬಿಡು, ಮೋಟರ್ ಸುಟ್ಟೋದೀತು. ನಾ ಬಂದು ಪೈಪ್ ಇಳಿಸ್ತೀನಿ. ಇಲ್ಲಿ ಯಾರಿಗೂ ಹೇಳ್ಬೇಡ, ಹುಡುಗ್ರು ಖುಷಿಯಾಗವೆ."

ಆಗ ನಮಗೆ ಅರ್ಥವಾಯಿತು. ಅದು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿದ ವರ್ಷ. ನಮಗೆ ಅದು ಪೇಪರ್‌ನಲ್ಲಿ ಓದಿದ ಅಂಕಿ. ಊರಿನಲ್ಲಿ ರಾಗಿ ತೆನೆ ಬಿಡದೆ ಒಣಗಿತ್ತು, ಈರುಳ್ಳಿ ಗೆಡ್ಡೆ ಕಟ್ಟಿರಲಿಲ್ಲ, ಅಡಿಕೆ ಹಿಂಗಾರ ಉದುರಿತ್ತು. ಕಣ ಹಾಕಿಯೇ ಇರಲಿಲ್ಲ. ಒಕ್ಕೋಕೆ ಏನಾದರೂ ಇದ್ದರೆ ತಾನೇ? ಅಪ್ಪನಿಗೆ ಡಿಸೆಂಬರ್‌ನಲ್ಲಿ ಬಿಡುವು ಸಿಕ್ಕಿದ್ದು ಬೆಳೆ ಬರದೇ ಇದ್ದಿದ್ದಕ್ಕೆ. ಖಾಲಿ ಕಣ ನೋಡಿಕೊಂಡು ಮನೆಯಲ್ಲಿ ಕೂರೋದಕ್ಕಿಂತ ಮಕ್ಕಳಿಗೆ ಸಮುದ್ರ ತೋರಿಸೋದು ಮೇಲು ಅಂದುಕೊಂಡಿದ್ದರು. ವರ್ಷವಿಡೀ ಹಾಸ್ಟೆಲ್‌ನಿಂದ ಫೋನ್ ಮಾಡುತ್ತಿದ್ದ ನಾವು ಫೀಸು, ಲ್ಯಾಪ್‌ಟಾಪು ಅಂತ ಮಾತಾಡಿದ್ದೆವೇ ಹೊರತು "ಮಳೆ ಹೆಂಗಪ್ಪಾ?" ಅಂತ ಒಂದು ಸಲವೂ ಸರಿಯಾಗಿ ಕೇಳಿರಲಿಲ್ಲ. ಆ ರಾತ್ರಿ ಅಲೆ ಸದ್ದಿನಲ್ಲಿ ನಿದ್ದೆ ಬರಲಿಲ್ಲ. ಫೋನಿನ ವಿಷಯ ನಾವೂ ಯಾರಿಗೂ ಹೇಳಲಿಲ್ಲ.

ಮರುದಿನ ವಾಪಸ್ ಬರುವ ದಾರಿಯಲ್ಲಿ ಹೊನ್ನಾವರದ ಈಚೆಗಿರುವ ಕಾಸರಕೋಡು ಬೀಚಿನಲ್ಲಿ ನಿಲ್ಲಿಸಿದೆವು. 2020ರಲ್ಲಿ 'ಬ್ಲೂ ಫ್ಲ್ಯಾಗ್' ಮಾನ್ಯತೆ ಸಿಕ್ಕ ಬೀಚು, ಮರಳು ಅಷ್ಟು ಚೊಕ್ಕಟ. ಅಲ್ಲಿ ಅಜ್ಜಿ ತಮ್ಮ ಚೀಲ ಬಿಚ್ಚಿದರು. ಒಳಗೆ ಒಂದು ಸಣ್ಣ ಮೊರ, ಅರಿಶಿನ, ಕುಂಕುಮ, ಗಾಜಿನ ಬಳೆ, ಅಕ್ಕಿ, ತೊಗರಿಬೇಳೆ, ಬೆಲ್ಲದಚ್ಚು, ಒಂದು ಕುಬುಸದ ಕಣ.

ಬಾಗಿನ. ಕೆರೆ ತುಂಬಿ ಕೋಡಿ ಬಿದ್ದ ವರ್ಷ ನಮ್ಮ ಕಡೆ ಕೆರೆಗೆ ಬಾಗಿನ ಕೊಡುತ್ತಾರೆ. ಆ ವರ್ಷ ಕೆರೆಯಲ್ಲಿ ನೀರೇ ಇರಲಿಲ್ಲ. "ಕೆರೆಗೆ ಕೊಡಬೇಕಾಗಿದ್ದು. ಕೆರೆಗೆ ಕಳಿಸೋಳು ಇವಳೇ ಅಲ್ವಾ? ಇವಳಿಗೇ ಕೊಡಣ ಅಂತ ತಂದೆ" ಅಂದರು ಅಜ್ಜಿ.

ನಾವಿಬ್ಬರೂ ಸ್ವಲ್ಪ ಪೆಚ್ಚಾದೆವು. ಅಜ್ಜಿ ಹೇಳಿದ್ದು ಜಿಯಾಗ್ರಫಿ ಪ್ರಕಾರವೂ ಸರಿ. ನಮ್ಮ ಮುಂಗಾರು ಮೋಡ ಬರೋದು ಈ ಅರಬ್ಬೀ ಸಮುದ್ರದ ಮೇಲಿಂದಲೇ. ಕರಾವಳಿಯಲ್ಲಿ, ಘಟ್ಟದ ಮೇಲೆ ವರ್ಷಕ್ಕೆ 3000 ಮಿಲಿಮೀಟರ್‌ಗೂ ಹೆಚ್ಚು ಸುರಿದು, ಬಾಬಾಬುಡನ್‌ಗಿರಿ ಸಾಲು ದಾಟೋ ಹೊತ್ತಿಗೆ ಮೋಡದ ಗಂಟು ಖಾಲಿ. ಗಿರಿಗೆ ಹತ್ತಿರ ಇರೋ ತರೀಕೆರೆಗೆ ಒಂದಿಷ್ಟು ಸಿಗುತ್ತೆ, ಅಲ್ಲಿ ಭದ್ರಾ ಕಾಲುವೆಯೂ ಇದೆ. ಕಡೂರಿಗೆ ಬರೋದು 600 ಮಿಲಿಮೀಟರ್ ಆಸುಪಾಸು. ನೇರ ಗೆರೆ ಎಳೆದರೆ ನಮ್ಮೂರಿಂದ ಸಮುದ್ರಕ್ಕೆ 150 ಕಿಲೋಮೀಟರ್ ಕೂಡ ಇಲ್ಲದಿರಬಹುದು, ಆದರೆ ಮಧ್ಯೆ ಆ ಗುಡ್ಡದ ಗೋಡೆ ಇದೆ. ಇನ್ನೂ ತಮಾಷೆ ಅಂದರೆ ಬಿದ್ದ ನೀರು ಮತ್ತೆ ಈ ಸಮುದ್ರಕ್ಕೆ ಬರೋದಿಲ್ಲ. ಕಡೂರಿನ ವೇದಾವತಿ, ತರೀಕೆರೆ ಕಡೆಯ ಭದ್ರಾ ಎರಡೂ ಪೂರ್ವಕ್ಕೆ ಹರಿದು, ತುಂಗಭದ್ರೆಯಾಗಿ, ಕೃಷ್ಣೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತವೆ. ಸಾಲ ಕೊಟ್ಟವರು ಒಬ್ಬರು, ತೀರಿಸೋದು ಇನ್ನೊಬ್ಬರಿಗೆ. ಎಪ್ಪತ್ತೆಂಟು ವರ್ಷ ಪಡುವಣ ಆಕಾಶ ನೋಡಿಕೊಂಡೇ ಬದುಕಿದ ಅಜ್ಜಿ, ಆ ಆಕಾಶದ ಬುಡಕ್ಕೆ ಮೊದಲ ಸಲ ಬಂದು ನಿಂತಿದ್ದರು.

ಅಷ್ಟರಲ್ಲಿ ಬೀಚಿನ ಕಾವಲಿನವರು ಬಂದು, "ಅಜ್ಜಿ, ಇಲ್ಲಿ ನೀರಿಗೆ ಏನೂ ಹಾಕ್ಲಿಕ್ಕೆ ಇಲ್ಲ" ಅಂತ ಮೆತ್ತಗೆ ಹೇಳಿದರು. ಅಜ್ಜಿ ಜಗಳ ಆಡುತ್ತಾರೇನೋ ಅಂತ ಹೆದರಿದೆವು. ಆಡಲಿಲ್ಲ. ಒಂದು ಚಿಟಿಕೆ ಅರಿಶಿನ ಕುಂಕುಮವನ್ನ ಒದ್ದೆ ಮರಳಿಗೆ ಇಟ್ಟು ಕೈ ಮುಗಿದರು. ಅಲೆ ಬಂದು ತಗೊಂಡು ಹೋಯಿತು. ಮೊರ ಎತ್ತಿಕೊಂಡು ಸುತ್ತ ನೋಡಿದರು.

ಗೇಟಿನ ಹೊರಗೆ ರಸ್ತೆ ಬದಿಯಲ್ಲಿ ಒಬ್ಬ ಹೆಂಗಸು ಒಣಮೀನು ಹರವಿಕೊಂಡು ಕೂತಿದ್ದರು. ಅಜ್ಜಿ ಸೀದಾ ಹೋಗಿ ಮೊರ ಅವರ ಕೈಗಿಟ್ಟರು. "ತಗೋ ತಾಯಿ, ಬಾಗಿನ. ನೀನೂ ನೀರಿನೋಳೇ ಅಲ್ವಾ." ಆಕೆ ಮೊದಲು ಗಾಬರಿಯಾಗಿ, ಆಮೇಲೆ ಕೈ ಒರೆಸಿಕೊಂಡು ಸೆರಗೊಡ್ಡಿ ತಗೊಂಡರು. ಊರು, ಮಕ್ಕಳು ಎಲ್ಲ ವಿಚಾರಣೆ ಆಯಿತು. ನಮ್ಮ ಕಡೆ ಮಳೆ ಇಲ್ಲ ಅಂದಾಗ ಆಕೆ, "ನಮ್ಗೂ ಈ ಸಲ ಮೀನು ಕಮ್ಮಿಯೇ ಅಜ್ಜಿ. ಎಲ್ಲಾ ಅಲ್ಲಿಂದಲೇ ಬರ್ಬೇಕಲ್ಲ" ಅಂತ ಸಮುದ್ರದ ಕಡೆ ಕೈ ತೋರಿಸಿದರು. ಒಣಮೀನು ಮುಟ್ಟದ ಅಜ್ಜಿ ಆಕೆಯ ಪಕ್ಕ ಅರ್ಧ ಗಂಟೆ ಕೂತರು. ಹನ್ನೊಂದು ಜನರ ಟ್ರಿಪ್ಪಿನಲ್ಲಿ ಸಮುದ್ರದ ಊರಿನ ಮನುಷ್ಯರ ಜೊತೆ ಮಾತಾಡಿದ್ದು ಅವರೊಬ್ಬರೇ. ನಾವು ಮಾಡಿದ್ದು ಸೆಲ್ಫಿ.

ಘಾಟಿ ಹತ್ತುವಾಗ ಅಪ್ಪನ ಪಕ್ಕ ಕೂತು ಕೇಳಿದೆವು: "ಬೋರಲ್ಲಿ ಗಾಳಿ ಬರ್ತಿದೆಯಂತಲ್ಲಪ್ಪಾ?" ಅಪ್ಪ ಒಂದು ಕ್ಷಣ ನಮ್ಮ ಮುಖ ನೋಡಿ, "ಹ್ಞೂಂ ಕಣ್ರೋ" ಅಂದರು. ಆಮೇಲೆ ಶಿವಮೊಗ್ಗದವರೆಗೂ ಮಾತಾಡಿದರು. ಎಷ್ಟು ಅಡಿಗೆ ಮೋಟರ್ ಇದೆ, ಇನ್ನೆಷ್ಟು ಪೈಪ್ ಇಳಿಸಬಹುದು, ಹೊಸ ಬೋರಿಗೆ ಎಷ್ಟು ಸಾಲ ಆಗುತ್ತೆ, ಬೇಸಿಗೆಗೆ ಯಾವ ಸಾಲಿನ ಅಡಿಕೆ ಉಳಿಸಿಕೊಳ್ಳಬೇಕು, ಯಾವುದು ಬಿಡಬೇಕು. ಹೊಸ ಬೋರು ಬೇಡ, ಇರೋದಕ್ಕೇ ಪೈಪ್ ಇಳಿಸಿ ನೋಡೋಣ ಅಂತ ಟಿಟಿಯಲ್ಲೇ ತೀರ್ಮಾನವಾಯಿತು. ಆ ತೀರ್ಮಾನದಲ್ಲಿ ಮೊದಲ ಸಲ ನಾವೂ ಇದ್ದೆವು.

2024ರ ಬೇಸಿಗೆ ಹೆಂಗಿತ್ತು ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಟ್ಯಾಂಕರ್ ನೀರು ತರಿಸಿ ಒಂದು ಎಕರೆ ಉಳಿಸಿಕೊಂಡೆವು, ಇನ್ನೊಂದರಲ್ಲಿ ಅರ್ಧ ಹೋಯಿತು. ಆಮೇಲೆ ಮಳೆ ಬಂತು. ಆ ಮುಂಗಾರಿನಲ್ಲಿ ಭದ್ರಾ ಡ್ಯಾಂ ತುಂಬಿತು, ನಮ್ಮ ಬೋರು ಉಸಿರಾಡಿತು. "ನಾ ಕೊಟ್ಟ ಕುಂಕುಮ ಸುಮ್ನೆ ಹೋಗಲ್ಲ" ಅಂತ ಅಜ್ಜಿ ಊರೆಲ್ಲ ಹೇಳಿಕೊಂಡು ಬಂದರು. ನಾವು ಎಲ್ ನಿನೊ ವಿಷಯ ತೆಗೆಯಲಿಲ್ಲ.

ಈ ಡಿಸೆಂಬರ್‌ನಲ್ಲಿ ಮತ್ತೆ ಎಲ್ಲರ ಸ್ಟೇಟಸ್‌ನಲ್ಲೂ ಸಮುದ್ರ. ಅಭ್ಯಾಸ ಬಲ, ನಾವೂ ಮನೆಗೆ ಫೋನ್ ಮಾಡಿ ಕೇಳಿದೆವು: "ಅಪ್ಪಾ, ಈ ವರ್ಷ ಎಲ್ಲಾದ್ರೂ ಹೋಗಣಾ?"

ಆ ಕಡೆಯಿಂದ ಒಕ್ಕಣೆ ಮಷಿನ್ ಸದ್ದು. ಅಪ್ಪ ಜೋರಾಗಿ ಕೂಗಿದರು: "ಎಲ್ಲಿಗೂ ಇಲ್ಲ! ಕಣದ ಕೆಲಸ ಮುಗೀಲಿ, ನೋಡಣ!"

ಅಷ್ಟು ಖುಷಿಯಾಗಿ ನಾವು ಯಾವತ್ತೂ 'ಇಲ್ಲ' ಅನ್ನಿಸಿಕೊಂಡಿರಲಿಲ್ಲ. ಬ್ಯಾಗ್ ಹಾಕಿಕೊಂಡು ಆವತ್ತು ಸಂಜೆಯ ಬಸ್ಸಿಗೆ ಊರಿಗೆ ಹೊರಟೆವು, ರಾಗಿ ತೂರೋಕೆ.